ಗೆರೆಯ ಕಾಯಕ ಮತ್ತು ಹೊರನಾಡು

ಚಿತ್ರ ಬರೆದು ಹೊಟ್ಟೆ ಹೊರೆಯಲಾದೀತೇ ಎಂಬ ಪ್ರಶ್ನೆಯನ್ನು ಬೀದರ, ಭಾಲ್ಕಿ, ಔರಾದ ಭಾಗದ ತಂದೆತಾಯಿಗಳು ಇಂದಿಗೂ ಕೇಳುತ್ತಾರೆ. ಮಳೆಯನ್ನು ನಂಬಿ ತೊಗರಿ, ಉದ್ದು, ಸೋಯಾ ಬೆಳೆಯುವ ಮನೆತನಗಳಿಗೆ ಮಕ್ಕಳ ಓದೇ ದೊಡ್ಡ ಬಂಡವಾಳವಾದ್ದರಿಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ಗ್ರಾಫಿಕ್ ಡಿಸೈನರ್ ಎಂಬ ವೃತ್ತಿಯೊಂದು ಉಂಟೆಂದೂ, ಪುಸ್ತಕದ ಮುಖಪುಟ, ಔಷಧದ ಪೆಟ್ಟಿಗೆ, ರೈಲು ನಿಲ್ದಾಣದ ಫಲಕ, ಮೊಬೈಲಿನ ಪರದೆ ಇವುಗಳ ಮೇಲಿನ ಅಕ್ಷರ ಹಾಗೂ ಚಿತ್ರಗಳನ್ನು ಅಣಿಗೊಳಿಸುವವರು ಅವರೇ ಎಂದೂ ಬಲ್ಲವರು ನಮ್ಮಲ್ಲಿ ಕಡಿಮೆ. ಈ ವೃತ್ತಿಯನ್ನು ಹಿಡಿದ ತರುಣರು ಮೊದಲು ಹೈದರಾಬಾದು, ಪುಣೆ, ಬೆಂಗಳೂರುಗಳಿಗೂ, ಅಲ್ಲಿಂದ ಕೆಲವರು ಹೊರದೇಶಗಳಿಗೂ ಹೋಗುತ್ತಾರೆ. ಹೋದವರನ್ನು ಕುರಿತು ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ: ಗೆದ್ದರು ಎಂಬುದೊಂದು, ನಮ್ಮನ್ನು ಮರೆತರು ಎಂಬುದಿನ್ನೊಂದು. ಎರಡೂ ಅರೆಸತ್ಯಗಳೆಂದು ನನ್ನ ಅಭಿಪ್ರಾಯ.

ಇದಕ್ಕೆ ಬೀದರ ನಗರವೇ ಸಾಕ್ಷಿಯಾಗಿದೆ. ಪರ್ಷಿಯಾದ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದನು. ಅದರ ಮುಖಭಿತ್ತಿಯಲ್ಲಿ ಇಂದಿಗೂ ಉಳಿದಿರುವ ಬಣ್ಣದ ಹೆಂಚುಗಳನ್ನೂ ಅಕ್ಷರಪಟ್ಟಿಯನ್ನೂ ನೋಡಿದರೆ ಪರ್ಷಿಯಾದ ಕಲೆಯ ಕೈವಾಡ ತಿಳಿಯುತ್ತದೆ. ಆ ನಾಡಿನಿಂದ ಬಂದ ಕುಶಲಿಗಳಿಗೆ ನಮ್ಮ ಬೀದರವೇ ಹೊರದೇಶವಾಗಿತ್ತು! ಬಿದ್ರಿ ಕಲೆಯೂ ಆ ದಿಕ್ಕಿನಿಂದಲೇ ಬಂದಿತೆಂಬುದು ಪರಂಪರೆಯ ಮಾತು. ಸತುವು ತಾಮ್ರಗಳನ್ನು ಕರಗಿಸಿ ಎರಕ ಹೊಯ್ದು, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಚೂಪು ಮೊನೆಯಿಂದ ಕೈಬರಹದಲ್ಲೇ ಬಳ್ಳಿ ಹೂಗಳನ್ನು ಬರೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಹಚ್ಚಿದಾಗ ಲೋಹ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹೊರಗಿನಿಂದ ಬಂದ ವಿದ್ಯೆ ನಮ್ಮದಾದದ್ದು ಎರಡು ಕಾರಣಗಳಿಂದ: ಅದು ಇಲ್ಲಿಯ ಮಣ್ಣನ್ನು ಬೆರೆಸಿಕೊಂಡಿತು, ಒಂದು ಕೈ ಇನ್ನೊಂದು ಕೈಗೆ ಕಲಿಸುತ್ತ ಬಂದಿತು. 2023ರಲ್ಲಿ ಬೀದರದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಸಂದ ಪದ್ಮಶ್ರೀ, ಆ ಪರಂಪರೆಗೇ ಸಂದ ಗೌರವ.

ಆದುದರಿಂದ ಕಲಾವಿದನು ಎಲ್ಲಿ ನೆಲೆಸಿದನೆಂಬುದು ಮುಖ್ಯವಲ್ಲ. ನೆಲೆಸಿದಲ್ಲಿ ಯಾರಿಗೆ ಏನನ್ನು ಕಲಿಸಿದನು, ತನ್ನ ಮಣ್ಣಿನದೇನನ್ನು ಬೆರೆಸಿದನು ಎಂಬುದೇ ಮುಖ್ಯ.

ಹೊರನಾಡಿನ ಬಾಳು ಊರಿನಲ್ಲಿ ಊಹಿಸಿದಷ್ಟು ಸುಗಮವಲ್ಲ. ಅನೇಕರಿಗೆ ವಾಸದ ಪರವಾನಗಿಯು ನೌಕರಿಗೆ ಕಟ್ಟಿಕೊಂಡಿರುತ್ತದೆ. ನೌಕರಿ ಹೋದರೆ ಮನೆಯೂ ಅಲುಗಾಡುತ್ತದೆ. ತಾಯಿಯ ಕಾಯಿಲೆ, ಊರಿನ ಜಾತ್ರೆ ಎಲ್ಲವೂ ದೂರವಾಣಿಯ ಸುದ್ದಿಗಳಾಗುತ್ತವೆ. ಮಾಡಿದ ಕೆಲಸದ ಮೇಲೆ ಬಹುಮಟ್ಟಿಗೆ ಹೆಸರಿರುವುದಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಪಾತ್ರೆಗಳನ್ನು ಲೋಕವೇ ಕಂಡಿತು. ಅವುಗಳನ್ನು ಕೊರೆದ ಕೈಗಳ ಹೆಸರನ್ನು ಎಷ್ಟು ಮಂದಿ ಕೇಳಿದರು? ಇಂದು ಯಂತ್ರವೇ ಕ್ಷಣಾರ್ಧದಲ್ಲಿ ಚಿತ್ರ ರಚಿಸುತ್ತಿರುವುದರಿಂದ ಅನ್ನದ ಚಿಂತೆಯೂ ಹೊಸದಾಗಿ ಹುಟ್ಟಿದೆ.

ಇಷ್ಟಾಗಿಯೂ ಹೊರಗಿರುವವರು ನಮಗೆ ಬೇಕು ಎನ್ನಲು ಬಲವಾದ ಕಾರಣವಿದೆ. 1991ರಲ್ಲಿ ಯೂನಿಕೋಡ್ ವ್ಯವಸ್ಥೆ ಕನ್ನಡ ಲಿಪಿಗೆ ಸ್ಥಾನ ಕೊಟ್ಟಿತು. ಆ ಬಳಿಕ ನಮ್ಮ ಮಕ್ಕಳು ಓದುವ ಕನ್ನಡ ಅಕ್ಷರಗಳ ರೂಪ ಬಹಳಷ್ಟು ಮಟ್ಟಿಗೆ ವಿದೇಶಿ ಸಂಸ್ಥೆಗಳ ಮೂಲಕ ಬರುತ್ತಿದೆ: ಮೈಕ್ರೋಸಾಫ್ಟಿನ ತುಂಗಾ, ಗೂಗಲ್‌ನ ನೋಟೊ ಇದಕ್ಕೆ ಉದಾಹರಣೆ. ರೋಮನ್ ಲಿಪಿಯ ಅಳತೆಯಿಂದ ಸಾಲುಗಳ ನಡುವಿನ ಅಂತರವನ್ನು ನಿಗದಿಮಾಡಿದರೆ ನಮ್ಮ ಒತ್ತಕ್ಷರಗಳಿಗೆ ಜಾಗ ಸಾಲದು. 'ರಾಷ್ಟ್ರ' ಎಂಬ ಪದದ ಒತ್ತುಗಳು ಕೆಳಸಾಲಿನ ಗುಡಿಸಿನ ಮೇಲೆ ಬೀಳುತ್ತವೆ. ಎಳವೆಯಿಂದ ಕನ್ನಡ ಓದಿದ ಕಣ್ಣು ಇದನ್ನು ಒಡನೆಯೇ ಗುರುತಿಸುತ್ತದೆ. ಅಂಥ ಕಣ್ಣುಳ್ಳವರು, ಅಕ್ಷರದ ರೂಪವನ್ನು ನಿಶ್ಚಯಿಸುವ ಮೇಜಿನ ಮುಂದೆ ಕುಳಿತಿರಬೇಡವೇ? ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಅಂಗಡಿಯ ಫಲಕದಲ್ಲಿ ಉರ್ದು, ಗಡಿ ದಾಟಿದರೆ ತೆಲುಗು: ಹೀಗೆ ಹಲವು ಲಿಪಿಗಳ ನಡುವೆ ಬೆಳೆಯುವ ಔರಾದ ಸೀಮೆಯ ಬಾಲಕನಿಗೆ ಈ ಕೆಲಸದಲ್ಲಿ ಹುಟ್ಟಿನಿಂದಲೇ ಒಂದು ಯೋಗ್ಯತೆ ಇದೆ. ನಾವು ಅದನ್ನು ಕೊರತೆಯೆಂದು ಭಾವಿಸಿರುವುದು ವಿಷಾದದ ಸಂಗತಿ.

ಫಲಕವೊಂದರ ಬೆಲೆ ಏನೆಂಬುದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಸಂಗತಿ ಮನೆಮಾತಾಗಿದೆ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರಲ್ಲಿ ಬೀದರ ಜಿಲ್ಲೆ ಕನ್ನಡ ನಾಡನ್ನು ಸೇರಿತು. ಇಂದು ಕನ್ನಡ ಫಲಕಕ್ಕೆ ಅಡ್ಡಿಯಿಲ್ಲ. ಆದರೆ ನಮ್ಮ ಬೀದಿಗಳ ಫ್ಲೆಕ್ಸುಗಳಲ್ಲಿ ಅಕ್ಷರಗಳನ್ನು ಜಾಗಕ್ಕೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ, ಒತ್ತು ತಪ್ಪಿಸಿ ಅಚ್ಚು ಹಾಕುತ್ತಿದ್ದೇವೆ. ಮರೆಯಲ್ಲಿಟ್ಟು ಕಾಪಾಡಿದ ಅಕ್ಷರವನ್ನು ಬಯಲಿನಲ್ಲಿಟ್ಟು ಕೆಡಿಸುವುದು ಯಾವ ನ್ಯಾಯ?

ಆದುದರಿಂದ ಮೂರು ಮಾತುಗಳನ್ನು ಹಿರಿಯರ ಮುಂದಿಡಬಯಸುತ್ತೇನೆ. ಪರೀಕ್ಷೆ ಸಮೀಪಿಸಿತೆಂದು ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಒಪ್ಪಿಸುವ ರೂಢಿ ನಿಲ್ಲಲಿ. ಪ್ರತಿ ವರ್ಷವೂ ವಿದ್ಯಾರ್ಥಿಗಳನ್ನು ಬಿದ್ರಿ ಕುಶಲಕರ್ಮಿಗಳ ಬಳಿಗೆ ಕರೆದೊಯ್ದು, ಗೆರೆ ಎಳೆಯುವ ಕೈಯನ್ನು ಹತ್ತಿರದಿಂದ ತೋರಿಸಲಿ. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ದೇಣಿಗೆಯ ಹಣ ಕಳುಹಿಸಿ ಸುಮ್ಮನಾಗದೆ, ವರ್ಷಕ್ಕೊಬ್ಬ ವಿದ್ಯಾರ್ಥಿಗಾದರೂ ತಮ್ಮ ವಿದ್ಯೆಯನ್ನು ಧಾರೆಯೆರೆಯಲಿ. ಇಂದು ಅದಕ್ಕೆ ದೂರವೇನೂ ಅಡ್ಡಿಯಲ್ಲ.

ಹೊಟ್ಟೆ ತುಂಬೀತೇ ಎಂಬ ತಂದೆತಾಯಿಗಳ ಪ್ರಶ್ನೆಗೆ ಎಲ್ಲರ ಪರವಾಗಿ ಹೌದೆಂದು ಉತ್ತರಿಸಲು ಯಾರಿಗೂ ಸಾಧ್ಯವಿಲ್ಲ. ಆದರೆ ಕೈಗೆ ಕಸುಬೂ ಕಣ್ಣಿಗೆ ಅಕ್ಷರದ ಶಿಸ್ತೂ ಇರುವ ಮಗು ಎಲ್ಲಿದ್ದರೂ ದುಡಿದು ಬದುಕಬಲ್ಲದು. ಕಲಿಸುವ ಗುಣವೂ ಜೊತೆಗೂಡಿದರೆ, ಎಷ್ಟು ದೂರ ಹೋದರೂ ಅದು ಊರಿಗೆ ಹೊರಗಾಗದು.