ಗುಜರಿ ಅಂಗಡಿಯಿಂದ ಅಡುಗೆಯ ಮನೆಗೆ

ಹಬ್ಬದ ಹಿಂದಿನ ವಾರ ಚಿಕ್ಕಪೇಟೆಗೆ ಹೋದ ಜಯನಗರದ ಗೃಹಿಣಿಯೊಬ್ಬರು ಹಳೆಯ ಪಾತ್ರೆಗಳ ಅಂಗಡಿಯಲ್ಲಿ ಮುಚ್ಚಳವಿರುವ ಹಿತ್ತಾಳೆಯ ಡಬ್ಬಿಯೊಂದನ್ನು ಕಂಡು ಮನಸೋತರು. ತೂಕದ ಬೆಲೆಗೆ ಕೊಂಡು ತಂದು, ತೊಳೆದು, ಹುಣಿಸೆಹಣ್ಣು ತುಂಬಿ, ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ಅಡುಗೆಕಟ್ಟೆಯ ಮೇಲೆ ಇರಿಸಿದರು. ಹತ್ತು ದಿನ ಕಳೆದ ಮೇಲೆ ಸಾರಿಗೆಂದು ಅತ್ತೆಯವರು ಮುಚ್ಚಳ ತೆಗೆದು ನೋಡಿದರೆ, ಅಂಚಿನ ಹಣ್ಣಿಗೆಲ್ಲ ಹಸಿರು ಕಿಲುಬು ಹತ್ತಿತ್ತು.

“ಹಿತ್ತಾಳೆ ಬೆಳಗುವುದೇ ಹುಣಿಸೆಹಣ್ಣಿನಿಂದ ಅಲ್ಲವೇನಮ್ಮ? ಅದನ್ನೇ ತಂದು ಅದರ ಹೊಟ್ಟೆಯೊಳಗೆ ತುಂಬಿಟ್ಟರೆ ಅದು ಸುಮ್ಮನಿದ್ದೀತೆ?”

“ನೋಡುವುದಕ್ಕೆ ಚೆನ್ನಾಗಿತ್ತು ಅತ್ತೆ, ಅಷ್ಟೇ ಯೋಚಿಸಿದ್ದು” ಎಂದರು ಸೊಸೆ.

ಹುಣಿಸೆಹಣ್ಣು ತಿಪ್ಪೆಗೆ ಹೋಯಿತು. ಅತ್ತೆಯವರ ಕಣ್ಣು ಚುರುಕಾಗಿರದಿದ್ದರೆ ಅದು ಸಾರಿಗೆ ಹೋಗಿ, ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ಕೂಡಬೇಕಾಗುತ್ತಿತ್ತು.

ಪಟ್ಟಣದ ಅಡುಗೆಯ ಮನೆಯನ್ನು ಹಳ್ಳಿಯ ತೋಟದ ಮನೆಯಂತೆ ಸಜ್ಜುಗೊಳಿಸುವ ಹುಮ್ಮಸ್ಸು ಈಗ ಅನೇಕರಲ್ಲಿ ಕಾಣುತ್ತದೆ. ಹುಮ್ಮಸ್ಸು ಒಳ್ಳೆಯದೇ. ಆದರೆ ಹಳ್ಳಿಯ ಅಡುಗೆಯ ಮನೆಯಲ್ಲಿ ಅಂದಕ್ಕೆಂದು ಇಟ್ಟ ವಸ್ತು ಒಂದಾದರೂ ಇತ್ತೆಂದು ತೋರುವುದಿಲ್ಲ. ಉಪ್ಪು ಮರದ ಮರಿಗೆಯಲ್ಲಿರುತ್ತಿತ್ತು. ಏಕೆಂದರೆ ಗಾಳಿಯ ತೇವವನ್ನು ಹೀರುವ ಉಪ್ಪು ಲೋಹವನ್ನು ತಿನ್ನುತ್ತದೆ, ಮರವನ್ನು ತಿನ್ನುವುದಿಲ್ಲ. ಹಾಲು ಬೆಣ್ಣೆಗಳು ನೆಲುವಿನ ಮೇಲೆ ತೂಗುತ್ತಿದ್ದುದು ಬೆಕ್ಕಿಗೆ ಎಟುಕಬಾರದೆಂದು. ಒಂದರ ಮೇಲೊಂದು ಏರಿಸಿದ ಗಡಿಗೆಗಳ ಅಡಕಲು ಮೂಲೆಯಲ್ಲಿ ನಿಂತದ್ದು ಗೇಣು ಜಾಗದಲ್ಲಿ ವರ್ಷದ ಬೇಳೆಕಾಳು ಹಿಡಿಸಬೇಕೆಂದು. ಗುಜರಿ ಅಂಗಡಿಯ ಮುಂದೆ ನಿಂತಾಗ ‘ಎಷ್ಟು ಚೆನ್ನಾಗಿದೆ!’ ಎನ್ನುವ ಮೊದಲು ‘ಇದರಲ್ಲಿ ಏನು ಇಡುತ್ತಿದ್ದರು?’ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಸ್ಟೀಲಿನ ಪಾತ್ರೆಗಳು ಬಂದ ಮೇಲೆ ಮನೆಮನೆಯ ಅಟ್ಟದಿಂದ ಕೊಪ್ಪರಿಗೆ, ಕೊಳದಪ್ಪಲೆಗಳು ಕೆಳಗಿಳಿದವು. ತೂಕಕ್ಕೆ ಹೋದ ಪಾತ್ರೆಗಳಲ್ಲಿ ಬಹುಪಾಲು ಕುಲುಮೆಗೆ ಸೇರಿ ಕರಗಿದವು. ಈ ನಷ್ಟವನ್ನು ಕಂಡು ಮರುಗಿದವರೂ ಇದ್ದರು. ಅಹಮದಾಬಾದಿನ ವಿಶಾಲಾದಲ್ಲಿ ಸುರೇಂದ್ರ ಪಟೇಲರು 1981ರಲ್ಲಿ ಪಾತ್ರೆಗಳಿಗೆಂದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಳಿಯುತ್ತಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಗೃಹಿಣಿಯೊಬ್ಬಳು ಅಷ್ಟು ಮಾಡಬೇಕಾಗಿಲ್ಲ. ಕುಲುಮೆಯ ಹಾದಿಯಲ್ಲಿರುವ ಒಂದು ಡಬ್ಬಿಯನ್ನು ತಂದು ಕೆಲಸಕ್ಕೆ ಹಚ್ಚಿದರೂ ಆಯಿತು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಹುಳಿ ತಗಲಿದರೆ ತಾಮ್ರ ಕರಗಿ ಆಹಾರದೊಡನೆ ಬೆರೆಯುತ್ತದೆ. ಆದ್ದರಿಂದ ಹುಣಿಸೆಹಣ್ಣು, ಉಪ್ಪಿನಕಾಯಿ, ಮೊಸರು, ಉಪ್ಪು ಇವುಗಳಿಗೆ ಬರಿಯ ಹಿತ್ತಾಳೆ ಸಲ್ಲದು. ಅಕ್ಕಿ, ತೊಗರಿಬೇಳೆ, ಕಡಲೆ, ರಾಗಿ, ಚೆನ್ನಾಗಿ ಒಣಗಿದ ಧನಿಯ ಇವುಗಳಿಗೆ ಅಡ್ಡಿಯಿಲ್ಲ. ಒಳಗೆ ಕಲಾಯಿ ಹಾಕಿಸಿಕೊಂಡರೆ ಇನ್ನೂ ಮೇಲು. ಕಾಯಿಸಿದ ಪಾತ್ರೆಗೆ ನವಸಾಗರದ ಪುಡಿಯುಜ್ಜಿ ತವರವನ್ನು ಬಳಿಯುವುದೇ ಕಲಾಯಿ. ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಕಲಾಯಿಗಾರರು ಈಗ ಅಪರೂಪವಾದರೂ ಪಾತ್ರೆ ಪೇಟೆಗಳಲ್ಲಿ ವಿಚಾರಿಸಿದರೆ ಸಿಗುವುದುಂಟು. ಶುದ್ಧ ತವರವನ್ನೇ ಹಾಕಬೇಕೆಂದು ಅವರಿಗೆ ಬಾಯಿಬಿಟ್ಟು ಹೇಳಬೇಕು. ಬೆಸುಗೆ ಹಾಕುವ ತವರದಲ್ಲಿ ಸೀಸ ಬೆರೆತಿರುತ್ತದೆ; ಅದರ ಹೊಳಪಿಗೆ ಮರುಳಾಗಬಾರದು.

ಭರಣಿಯ ವಿಚಾರದಲ್ಲಿ ಕಿವಿಯೇ ಪರೀಕ್ಷಕ. ಬೆರಳಗಂಟಿನಿಂದ ತಟ್ಟಿದರೆ ಗಂಟೆಯಂತೆ ನುಡಿಯಬೇಕು. ಮಂಕಾದ ಸದ್ದು ಬಂದರೆ ಎಲ್ಲೋ ಬಿರುಕಿದೆ ಎಂದು ತಿಳಿಯಬೇಕು. ಮನೆಗೆ ತಂದ ಮೇಲೆ ನೀರು ತುಂಬಿ ಹಳೆಯ ಪತ್ರಿಕೆಯ ಮೇಲೆ ರಾತ್ರಿಯಿಡೀ ನಿಲ್ಲಿಸಿದರೆ ಜಿನುಗುವುದು ತಿಳಿಯುತ್ತದೆ. ಒಳಗಿನ ಹೊಳಪು ಕಿತ್ತು ಹೋದದ್ದನ್ನೂ, ಒಳಮೈಗೆ ಬಣ್ಣ ಬಳಿದದ್ದನ್ನೂ ಉಪ್ಪಿನಕಾಯಿಗೆ ಬಳಸಲೇಬಾರದು. ಕೆಲವು ಹಳೆಯ ಹೊಳಪುಗಳಲ್ಲಿ ಸೀಸವಿರುತ್ತದೆ, ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಸೀಸಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಮಕ್ಕಳ ಬುದ್ಧಿಯ ಬೆಳವಣಿಗೆಯ ಮೇಲೆ. ಅಂತಹ ಭರಣಿ ಸೌಟು, ಲಟ್ಟಣಿಗೆ, ಜಾಲರಿ ಸಟ್ಟುಗಗಳನ್ನು ನಿಲ್ಲಿಸಲು ಒದಗುತ್ತದೆ.

ಗುಜರಿಯಲ್ಲಿ ಸಿಗುವ ವಸ್ತುಗಳಲ್ಲೆಲ್ಲ ನಿಜವಾಗಿ ಹಣ ಕೊಟ್ಟು ತರತಕ್ಕದ್ದೆಂದರೆ ಹಳೆಯ ಜಾಲರಿ ಬೀರು. ರೆಫ್ರಿಜಿರೇಟರು ಬರುವ ಮೊದಲು ಹಾಲು, ತುಪ್ಪ, ಮಿಕ್ಕ ಪಲ್ಯ ಎಲ್ಲಕ್ಕೂ ಅದೇ ಆಶ್ರಯ. ಮರದ ಚೌಕಟ್ಟು, ತಂತಿಬಲೆಯ ಬಾಗಿಲು, ನಾಲ್ಕು ಕಾಲು. ಗಾಳಿಯಾಡುತ್ತದೆ, ನೊಣ ಹೋಗದು. ಈಗಲೂ ಈರುಳ್ಳಿ, ಆಲೂಗೆಡ್ಡೆ, ತೆಂಗಿನಕಾಯಿ, ಬಾಳೆಹಣ್ಣುಗಳಿಗೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಈರುಳ್ಳಿಯನ್ನೂ ಆಲೂಗೆಡ್ಡೆಯನ್ನೂ ಬೇರೆ ಬೇರೆ ಅಂತಸ್ತಿನಲ್ಲಿಡಬೇಕು, ಜೊತೆಗಿಟ್ಟರೆ ಎರಡೂ ಬೇಗ ಕೆಡುತ್ತವೆ. ಕೊಳ್ಳುವಾಗ ಬೀರುವನ್ನು ಒಮ್ಮೆ ಕುಟ್ಟಿ ನೋಡಬೇಕು. ಸಣ್ಣ ತೂತುಗಳಿಂದ ಹೊಸ ಹುಡಿ ಉದುರಿದರೆ ಹುಳು ಒಳಗೇ ಇದೆ ಎಂದು ಅರ್ಥ. ಅಂಗಡಿಯವನು ಅರ್ಧ ಬೆಲೆಗೆ ಕೊಟ್ಟರೂ ಬೇಡ, ಅದು ಮನೆಯ ಬಾಗಿಲುಗಳನ್ನೂ ಹುಡುಕಿಕೊಂಡು ಹೋದೀತು. ತುಕ್ಕು ಹಿಡಿದ ಬಲೆಯನ್ನು ತೆಗೆಸಿ ಸ್ಟೀಲಿನ ಬಲೆ ಹಾಕಿಸುವುದು ಬಡಗಿಗೆ ಅರ್ಧ ದಿನದ ಕೆಲಸ.

ಆದರೆ ಹಳೆಯ ಬಣ್ಣವನ್ನು ಉಜ್ಜುವಾಗ ಎಚ್ಚರ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಮಿಲಿಯನ್ನಿಗೆ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣ ಮರಳುಕಾಗದದಿಂದ ಉಜ್ಜಿದರೆ ಆ ಧೂಳು ಇಡೀ ಮನೆಗೆ ಹರಡುತ್ತದೆ. ಅಂಗಳದಲ್ಲಿ, ಮಕ್ಕಳನ್ನು ದೂರವಿರಿಸಿ, ನೀರು ಹಚ್ಚಿ ಉಜ್ಜಿಸಬೇಕು. ಮೂಗಿಗೆ ಬಟ್ಟೆ ಕಟ್ಟಿದರಷ್ಟೇ ಸಾಲದು, ಧೂಳನ್ನು ತಡೆಯುವ ಮುಖಗವಸು ಬೇಕು. ಇರುವೆ ಹತ್ತದಂತೆ ಬೀರುವಿನ ಕಾಲುಗಳ ಕೆಳಗೆ ನೀರಿನ ಬಟ್ಟಲಿಡುವ ಪದ್ಧತಿ ಜಾಣತನದ್ದೇ. ಆದರೆ ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಅಂತಹ ನಿಂತ ತಿಳಿನೀರಿನಲ್ಲಿಯೇ. ವಾರಕ್ಕೆರಡು ಬಾರಿ ಬಟ್ಟಲನ್ನು ಉಜ್ಜಿ ನೀರು ಬದಲಿಸಲು ಪುರುಸೊತ್ತಿಲ್ಲದವರು ಬಟ್ಟಲಿಡದಿರುವುದೇ ಲೇಸು.

ಅಚ್ಚುಕೂಟಗಳ ಮೊಳೆಪೆಟ್ಟಿಗೆಗಳನ್ನೂ ಕೆಲವರು ಕೊಳ್ಳುತ್ತಾರೆ. ಸಾಸಿವೆಗೊಂದು, ಜೀರಿಗೆಗೊಂದು, ಮೆಂತ್ಯಕ್ಕೊಂದು ಎಂದು ಅಳೆದು ಮಾಡಿಸಿದಂತಿರುವ ಅದರ ಚಿಕ್ಕ ಚಿಕ್ಕ ಮನೆಗಳನ್ನು ನೋಡಿದರೆ ಯಾರಿಗಾದರೂ ಆಸೆಯಾದೀತು. ಆದರೆ ಅಚ್ಚಿನ ಮೊಳೆಯಲ್ಲಿ ಹೆಚ್ಚು ಪಾಲು ಸೀಸ. ವರ್ಷಗಟ್ಟಲೆ ಸವೆದ ಮೊಳೆಗಳ ಧೂಳು ಆ ಮರದ ಸಂದುಗಳಲ್ಲಿ ಕುಳಿತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದೆಂಬ ನಂಬಿಕೆಯಿಲ್ಲ. ಅದನ್ನು ಅಡುಗೆಯ ಮನೆಯ ಹೊಸಿಲು ದಾಟಿಸಬಾರದು. ಒಗ್ಗರಣೆಯ ಸಾಮಾನಿಗೆ ಹಳೆಯ ಹಾರ್ಲಿಕ್ಸ್ ಶೀಶೆಗಳು ಸಾಕು. ಕಾಸಿನ ಬೆಲೆ, ಒಳಗಿರುವುದು ಕಣ್ಣಿಗೆ ಕಾಣುತ್ತದೆ. ಸೋಡಾ ಬಾಟಲಿಯ ಮರದ ಪೆಟ್ಟಿಗೆಯನ್ನು ಗೋಡೆಗೆ ಹೊಡೆದರೆ ಅವುಗಳಿಗೊಂದು ಗೂಡೂ ಆಯಿತು.

ಹಳೆಯ ಸಾಮಾನಿನ ರಾಶಿಯಲ್ಲಿ ಸೇರು, ಪಾವು, ಚಟಾಕುಗಳೂ ಕೈಗೆ ಸಿಗುತ್ತವೆ. 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆ ಬಂದ ಮೇಲೆ ಅಂಗಡಿಯಿಂದ ಹೊರಬಿದ್ದವು ಇವು. ಅಕ್ಕಿಯ ಡಬ್ಬಿಯೊಳಗೆ ಒಂದು ಪಾವು ಇದ್ದರೆ ದಿನದ ಅಳತೆ ತಪ್ಪುವುದಿಲ್ಲ.

ಜಯನಗರದ ಆ ಡಬ್ಬಿಗೆ ಈಗ ಕಲಾಯಿಯಾಗಿದೆ, ಒಳಗೆ ತೊಗರಿಬೇಳೆ ತುಂಬಿದೆ. ಬೆಳಗಲು ಕೊಟ್ಟಾಗ ಅದರ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರೊಂದು ಕಾಣಿಸಿಕೊಂಡಿತು. ಯಾವುದೋ ಊರಿನ ಯಾರದೋ ಮಗಳಿಗೆ ತವರಿನವರು ಕೊಟ್ಟದ್ದಿರಬೇಕು. “ಅಮ್ಮಾ, ಇದನ್ನು ಉಜ್ಜಿ ತೆಗೆದುಬಿಡಲೇ?” ಎಂದು ಕಲಾಯಿಯವನು ಕೇಳಿದನು. ಸೊಸೆ ಅತ್ತೆಯವರ ಮುಖ ನೋಡಿದರು.

“ಬೇಡಪ್ಪ, ಅದು ಹಾಗೆಯೇ ಇರಲಿ” ಎಂದರು ಅತ್ತೆ. “ನಮ್ಮ ಕೊಳದಪ್ಪಲೆಯೂ ಯಾರ ಮನೆಯಲ್ಲಿದೆಯೋ!”