ಐದಕ್ಷರದ ಇಂಗ್ಲಿಷ್ ಪಟ್ಟಿ ಉರು ಹೊಡೆಸೋದು ಸಾಕು ಮಾಡ್ರಿ

ಗಡಿನಾಡ ಬಂಧುಗಳೇ, ನಮ್ಮ ಅಕ್ಕಲಕೋಟ, ಸೊಲ್ಲಾಪುರದ ಟ್ಯೂಷನ್‌ಗಳಲ್ಲಿ ಮಕ್ಕಳ ಕೈಗೆ ಬರೋ ಝೆರಾಕ್ಸ್ ಹಾಳೆ ಒಮ್ಮೆ ತೆರೆದು ನೋಡ್ರಿ. ಮೂರಕ್ಷರದ ಇಂಗ್ಲಿಷ್ ಪದಗಳು, ನಾಲ್ಕಕ್ಷರದವು, ಐದಕ್ಷರದವು. ನಡುವೆ 'ಎ' ಇರೋವು ಬೇರೆ, ಕೊನೆಗೆ 'ಇ' ಇರೋವು ಬೇರೆ. 'ಕ್ಯೂ' ಇದ್ದು 'ಯು' ಇಲ್ಲದವು ಅಂತ ಮತ್ತೊಂದು ಪಟ್ಟಿ! ಅರ್ಥ ಕೇಳಿದ್ರ ಕೂಸಿಗೂ ಗೊತ್ತಿಲ್ಲ, ಕಲಿಸೋರಿಗೂ ಗೊತ್ತಿಲ್ಲ. ಉರು ಹೊಡೀಬೇಕು ಅಷ್ಟೇ. ಅದೇ ಕೂಸಿನ ಮುಂದೆ ಕನ್ನಡದ ಒಂದು ಪುಟ ಇಡ್ರಿ, ಒತ್ತಕ್ಷರ ಬಂದಲ್ಲಿ ನಿಂತುಬಿಡ್ತದ. ತಂದೆ-ತಾಯಿ ನಗ್ತಾರ: "ಕನ್ನಡ ಮನ್ಯಾಗ ಐತಲ್ಲ, ಎಲ್ಲಿ ಹೋಗ್ತದ್ರೀ?" ಹೋಗ್ತದ. ಹೋಗ್ತಾ ಐತಿ.

ಈ ಹುಚ್ಚು ಹೆಚ್ಚಾಗಲು ಮೊಬೈಲಿನ ವರ್ಡಲ್ ಆಟವೂ ಒಂದು ಕಾರಣ. ಜಾಶ್ ವಾರ್ಡಲ್ ಎಂಬವರು ತಮ್ಮ ಸಂಗಾತಿಗಾಗಿ ಮಾಡಿದ ಆಟ ಅದು. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದಕ್ಷರದ ಪದ, ಆರು ಅವಕಾಶ. ಆಟ ಚಂದ ಐತಿ, ನಮ್ಮಲ್ಲೂ ಊಟದ ಬಿಡುವಿನಲ್ಲಿ ಆಡೋರಿದ್ದಾರೆ. ಆದ್ರ ಅದು ಇಂಗ್ಲಿಷ್ ಮನೆಯವರು ಇಂಗ್ಲಿಷ್ ಮನೆಯವರಿಗಾಗಿ ಮಾಡಿಕೊಂಡ ಮೋಜು. ಅದನ್ನ ಕನ್ನಡ ಮಕ್ಕಳಿಗೆ ಹೋಂವರ್ಕ್ ಮಾಡಿ ರೊಕ್ಕ ಎಣಿಸೋದು ಯಾವ ಶಿಕ್ಷಣ?

ಇಂಗ್ಲಿಷ್‌ನವರಿಗೆ ಇಂಥ ಪಟ್ಟಿ ಬೇಕಾಗೋದಕ್ಕೆ ಕಾರಣ ಐತಿ. ಬರೆಯೋದು ಒಂದು, ಅನ್ನೋದು ಇನ್ನೊಂದು. ಬ್ಯಾಂಕಿನಾಗ ಪಾಳಿ ಹಚ್ಚೋದಕ್ಕೆ 'ಕ್ಯೂ' ಅಂತೀವಲ್ಲ, ಆ ಪದಕ್ಕೆ ಐದಕ್ಷರ: ಕ್ಯೂ-ಯು-ಇ-ಯು-ಇ. ಹಿಂದಿನ ನಾಲ್ಕನ್ನೂ ತೆಗೆದ್ರೂ ಉಚ್ಚಾರ ಅದೇ! ಉರು ಹೊಡೀದೆ ಗತಿಯಿಲ್ಲ. 'ಪಾಳಿ' ಬರೆಯೋಕೆ ಯಾವ ಪಟ್ಟಿ ಬೇಕು? ಅಂದಂಗ ಬರೆಯೋದು, ಬರೆದಂಗ ಓದೋದು.

ಇಂಗ್ಲಿಷ್ ಅಕ್ಷರದ ಲೆಕ್ಕಕ್ಕೆ ನಮ್ಮ ಹೆಸರು ಸಿಕ್ಕಾಗ ಏನಾಗ್ತದ ಅನ್ನೋದು ಕೌಂಟರಿನ ಹಿಂದೆ ಕೂರೋ ನಮ್ಮಂಥವರಿಗೆ ದಿನಾ ಕಾಣ್ತದ. ಸೊನ್ನಲಿಗೆಯ ಸಿದ್ಧರಾಮನ ಹೆಸರನ್ನೇ ತಗೊಳ್ರಿ, ನಮ್ಮ ಭಾಗದಾಗ ಮನೆಗೊಬ್ಬ ಇದ್ದಾನ. ಕನ್ನಡದಲ್ಲಿ ನಾಲ್ಕೇ ಅಕ್ಷರ, ಬರೆಯೋ ರೀತಿ ಒಂದೇ. ಇಂಗ್ಲಿಷ್‌ನಲ್ಲಿ? ಸಿದ್ರಾಮ ಅಂತ ಬರೆದ್ರ ಆರು ಅಕ್ಷರ. 'ಡಿ' ಎರಡು ಮಾಡಿ ನಡುವೆ 'ಎ' ಹಾಕಿದ್ರ ಎಂಟು. 'ಎಚ್' ಸೇರಿಸಿದ್ರ ಒಂಬತ್ತು. ಕೊನೆಗೆ ಇನ್ನೊಂದು 'ಎ' ಬಂದ್ರ ಹತ್ತು. ಆಧಾರದಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಸಾತ್‌ಬಾರಾ ಉತಾರಿಯಲ್ಲಿ ಮರಾಠಿಯ ಮತ್ತೊಂದು. ಆಮೇಲೆ ಒಬ್ಬನೇ ಮನುಷ್ಯ "ಇವರೆಲ್ಲಾ ನಾನೇ" ಅಂತ ಅಫಿಡವಿಟ್ ಮಾಡಿಸಬೇಕು. ತಪ್ಪು ಸಿದ್ಧರಾಮನದಲ್ಲ, ಅವನ ಹೆಸರಿಗೆ ಹೊಂದದ ಚೌಕಗಳದು.

ಫೋನಿನ ಎಸ್ಸೆಮ್ಮೆಸ್ಸೂ ಹಂಗೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಲಿಪಿಯಲ್ಲಿ 70. ಅದರಲ್ಲೂ 'ಸ್ತ್ರೀ' ಅನ್ನೋ ಒಂದೇ ಅಕ್ಷರವನ್ನ ಯಂತ್ರ ಆರು ಅಂತ ಎಣಿಸ್ತದ.

"ಎಲ್ಲಾ ಖರೆ, ಆದ್ರ ನೌಕರಿಗೆ ಇಂಗ್ಲಿಷ್ ಬೇಕಲ್ರೀ?" ಬೇಕು. ನಾವೂ ಅದೇ ಪರೀಕ್ಷೆ ಬರೆದು ಬಂದವರು. ಬ್ಯಾಂಕ್ ನೇಮಕಾತಿಯಲ್ಲಿ ಇಂಗ್ಲಿಷ್‌ಗೆ ಬೇರೆ ವಿಭಾಗವೇ ಐತಿ, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ತರ್ಕದ ವಿಭಾಗದ ಬಗ್ಗೆ. ಅಲ್ಲಿ ಕೇಳ್ತಾರ: 'ಟಿ, ಇ, ಎ, ಎಂ' ಈ ನಾಲ್ಕು ಅಕ್ಷರಗಳಿಂದ ಎಷ್ಟು ಅರ್ಥವುಳ್ಳ ಇಂಗ್ಲಿಷ್ ಪದ ಆಗ್ತಾವ? ಟೀಮ್, ಮೀಟ್, ಮೇಟ್, ಟೇಮ್, ನಾಲ್ಕು. ಇದರಾಗ ತರ್ಕ ಎಲ್ಲಿ ಐತಿ? ಟೇಮ್ ಅಂದ್ರ ಪಳಗಿಸೋದು ಅಂತ ಗೊತ್ತಿದ್ದವನಿಗೆ ಅಂಕ, ಗೊತ್ತಿಲ್ಲದವನಿಗೆ ಸೊನ್ನೆ. ಗಣಿತದಾಗ ಚುರುಕಿರೋ ಹುಡುಗಿ ಇಲ್ಲಿ ಮುಗ್ಗರಿಸ್ತಾಳ, ಅವಳ ಬುದ್ಧಿ ಮೊಂಡು ಅಂತ ಲೆಕ್ಕ. ಪ್ರಶ್ನೆಪತ್ರಿಕೆ ಯಾವ ಭಾಷೆಗೆ ಅನುವಾದ ಮಾಡಿದ್ರೂ ಇಂಥ ಪ್ರಶ್ನೆ ಇಂಗ್ಲಿಷ್ ಪರೀಕ್ಷೆಯಾಗಿಯೇ ಉಳೀತದ. ಇದನ್ನ ತರ್ಕದ ಭಾಗದಿಂದ ಕಿತ್ತು ಇಂಗ್ಲಿಷ್ ಭಾಗಕ್ಕೆ ಹಾಕ್ರಿ ಅಂತ ನಾವು ಬಹಿರಂಗವಾಗಿಯೇ ಕೇಳ್ತೀವಿ.

ಇನ್ನು ಗೊತ್ತುಪಡಿಸಿದ ಜಾಗದಲ್ಲಿ ಗೊತ್ತುಪಡಿಸಿದ ಅಕ್ಷರ ತರೋದು ಕನ್ನಡಕ್ಕೆ ಹೊಸದೇನಲ್ಲ. ದ್ವಿತೀಯಾಕ್ಷರ ಪ್ರಾಸ ಅಂದ್ರ ಅದೇ ಅಲ್ವಾ? ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. 9ನೆಯ ಶತಮಾನದ ಕವಿರಾಜಮಾರ್ಗದಲ್ಲೇ ಪ್ರಾಸದ ಚರ್ಚೆ ಐತಿ. ಸಾವಿರ ವರ್ಷ ಕವಿಗಳು ಈ ಪದಗಳ ಬೇಟೆ ಆಡಿದರು. ಅದು ಸಾಕು ಅಂತ 1911ರಲ್ಲಿ ಬಿಟ್ಟವರು ಮಂಜೇಶ್ವರದ ಗೋವಿಂದ ಪೈ, ಅವರೂ ನಮ್ಮಂಗ ಗಡಿಯವರೇ. ಬಿಡೋಕಾದ್ರೂ ಮೊದಲು ಕೈಯಾಗ ಇರಬೇಕಲ್ಲ? ನಮ್ಮ ಮಕ್ಕಳ ಕೈಗೆ ನಾವು ಅದನ್ನ ಕೊಟ್ಟೇ ಇಲ್ಲ. ಮದುವ್ಯಾಗ ಒಡಪು ಕಟ್ಟಿ ಗಂಡನ ಹೆಸರು ಹೇಳೋ ನಮ್ಮ ಅಜ್ಜಿಯರಿಗೆ ಸಾಲಿ ಇಲ್ಲದಿದ್ರೂ ಈ ವಿದ್ಯೆ ಇತ್ತು.

ಬರೀ 'ಮ' ಮತ್ತು 'ರ' ಕೊಡ್ರಿ, ಕಾಗುಣಿತ ಬದಲಿಸಬಹುದು ಅನ್ರಿ. ಎರಡೇ ಅಕ್ಷರದಾಗ ಎಷ್ಟು ಪದ? ಮರ, ಮರಿ, ಮರೆ, ಮಾರಿ, ಮಾರು, ಮೀರು, ಮುರಿ, ಮೂರು, ಮೇರೆ, ಮೊರೆ, ಮೋರೆ, ಮೋರಿ. ಹನ್ನೆರಡು! ಎಲ್ಲವೂ ಮನೆಯಾಗ, ಹೊಲದಾಗ ಕೂಸು ಕೇಳಿದ ಪದಗಳು. ಹ್ರಸ್ವ-ದೀರ್ಘ, ಎ-ಏ, ಒ-ಓ ಎಲ್ಲಾ ಈ ಒಂದು ಆಟದಾಗ ಕಲಿತು ಮುಗೀತದ. ಇದನ್ನೇ ಇಂಗ್ಲಿಷ್ ಅಕ್ಷರದಾಗ ಬರೀರಿ ನೋಡೋಣ. ಮರಿಯೂ ಮಾರಿಯೂ ಒಂದೇ ಆಗ್ತಾವ.

ಪ್ರಾಥಮಿಕ ಹಂತದಾಗ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣ ಸಿಗಬೇಕು ಅಂತ ಸಂವಿಧಾನದ 350ಎ ವಿಧಿ 1956ರ ತಿದ್ದುಪಡಿಯಿಂದಲೂ ಹೇಳ್ತಾ ಬಂದಿದೆ. ಅದರ ಬಲದ ಮೇಲೆ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳನ್ನ ಉಳಿಸ್ರಿ ಅಂತ ಸರಕಾರಕ್ಕೆ ಮನವಿ ಕೊಡ್ತೀವಿ. ಸಂಜೆ ಮನೆಗೆ ಬಂದು ನಮ್ಮ ಮಕ್ಕಳಿಗೇ ಐದಕ್ಷರದ ಹಾಳೆ ಕೊಡ್ತೀವಿ! ಮನವಿ ಓದೋ ಅಧಿಕಾರಿ ನಗದೇ ಇರ್ತಾನೇನ್ರೀ?

ಅದಕ್ಕೇ ನೇರವಾಗಿ ಹೇಳ್ತೀವಿ. ಕನ್ನಡ ಶಾಲೆಯ ಗುರುಗಳೇ, ಶನಿವಾರ ಒಂದು ತಾಸು ಈ ಆಟಕ್ಕೆ ಕೊಡ್ರಿ. ಸಂಘಟನೆಯವರೇ, ನವೆಂಬರ್ 1ಕ್ಕೆ ಡಿಜೆಗೆ ಸುರಿಯೋ ರೊಕ್ಕದಾಗ ಕಾಲುಭಾಗ ತೆಗೆದು ಪದದ ಸ್ಪರ್ಧೆ ಇಡ್ರಿ, ಗೆದ್ದ ಮಕ್ಕಳಿಗೆ ಕನ್ನಡ ಪುಸ್ತಕ ಕೊಡ್ರಿ. ತಂದೆ-ತಾಯಂದಿರೇ, ಆ ಝೆರಾಕ್ಸ್ ಹಾಳೆಯ ಹಿಂಬದಿ ಖಾಲಿ ಐತಿ. ಅದರ ಮ್ಯಾಲೆ ಇವತ್ತು ರಾತ್ರಿ 'ಕ' ಮತ್ತು 'ಲ' ಬರೆದು ಮಕ್ಕಳ ಮುಂದಿಡ್ರಿ. ಎರಡೇ ಅಕ್ಷರ, ಒತ್ತಕ್ಷರ ನಡೆಯೋದಿಲ್ಲ. ಕಲಿ, ಕಾಲು, ಕೋಲು ನಾವು ಹೇಳಿಬಿಟ್ಟಿವಿ, ಉಳಿದದ್ದು ಅವರು ಹೇಳಲಿ.