ಪೆಟ್ಟು ಹಾಕಿದವನು ಒಬ್ಬ, ಹಾಕಿಸಿದವನು?

ಕಂಬಳದ ಸೀಸನ್ ಶುರುವಾಯ್ತು ಅಂದ್ರೆ ನಮ್ಮ ಬೈಂದೂರು ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಎರಡು ಥರದ ವಿಡಿಯೋ ಬರುತ್ತವೆ. ಒಂದು, ನೀರು ಚಿಮ್ಮಿಸಿಕೊಂಡು ಬರುವ ಜೋಡಿಯ ಸ್ಲೋ ಮೋಷನ್. ಅದಕ್ಕೆ ಎಲ್ಲರೂ ಬೆಂಕಿ ಇಮೋಜಿ ಹಾಕುತ್ತಾರೆ. ಇನ್ನೊಂದು, ಗಂತಿನಲ್ಲಿ ಹೊರಡಲು ಒಪ್ಪದ ಕೋಣಕ್ಕೆ ಯಾರೋ ಬಾರುಕೋಲು ಬೀಸುವ ಹತ್ತು ಸೆಕೆಂಡಿನ ತುಣುಕು. ಅದಕ್ಕೆ ಯಾರೂ ಏನೂ ಹಾಕುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗ್ರೂಪಿನ ಹಿರಿಯರೊಬ್ಬರು ಬರೆಯುತ್ತಾರೆ: "ನಾಲ್ಕ್ ಪೆಟ್ ಬೀಳ್ದಿರೆ ಕ್ವಾಣ ಓಡುದಾ ಮಾಣಿ?"

ಪ್ರಶ್ನೆ ಹಳೆಯದು. ಆದರೆ ಉತ್ತರ ಕೊಡಬೇಕಾದವರು ಈಗ ನಾವು ನೀವು ಮಾತ್ರ ಅಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಅದರ ಬಿಸಿ ತಟ್ಟಿ 2016ರ ಕೊನೆಗೆ ನಮ್ಮ ಹೈಕೋರ್ಟಿನಲ್ಲಿ ಕಂಬಳವೂ ನಿಂತಿತು. 2017ರಲ್ಲಿ ರಾಜ್ಯ ಸರ್ಕಾರ ಕಾನೂನು ತಿದ್ದಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ತಗ್ಗರ್ಸೆಯಲ್ಲಿ, ವಂಡಾರಿನಲ್ಲಿ ಗದ್ದೆ ಬದಿ ನಿಂತು ಕೂಗುವ ನಮ್ಮ ಖುಷಿಗೆ ಇವತ್ತು ಆಧಾರ ಆ ತೀರ್ಪು. ಅದರ ಒಳಗೆ ಒಂದು ಷರತ್ತಿದೆ: ಪ್ರಾಣಿಗೆ ಹಿಂಸೆ ಆಗದಂತೆ ನಿಯಮ ಮಾಡಿ, ಅದನ್ನು ಪಾಲಿಸಿ. ಅಂದರೆ ಒಬ್ಬ ಓಟಗಾರನ ಕೈ ಜೋರಾದರೆ ಅಪಾಯ ಅವನಿಗೊಬ್ಬನಿಗೇ ಅಲ್ಲ, ಕಂಬಳಕ್ಕೇ.

ಹಾಗಾದ್ರೆ ಹೊಡೆದವನನ್ನು ಬ್ಯಾನ್ ಮಾಡಿ, ಮುಗೀತು ಅಂತೀರಾ? ನನಗೆ ಕಿರಿಕಿರಿ ಆಗುವುದು ಇಲ್ಲೇ.

ಕೋಣ ಓಡಿಸುವವರು ಯಾರು ಅಂತ ನೋಡಿ. 2020ರ ಫೆಬ್ರವರಿ 1ರಂದು ಐಕಳದಲ್ಲಿ 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಇಡೀ ದೇಶದ ಬಾಯಲ್ಲಿ ಬೋಲ್ಟ್ ಅನಿಸಿಕೊಂಡ ಶ್ರೀನಿವಾಸ ಗೌಡರು ಕಟ್ಟಡ ಕೆಲಸ ಮಾಡುತ್ತಿದ್ದವರು. ಹೆಚ್ಚಿನವರ ಕಥೆ ಹೆಚ್ಚುಕಮ್ಮಿ ಇದೇ. ಕೋಣಗಳು ಯಜಮಾನರದ್ದು, ಮೇವಿನ ಖರ್ಚು ಯಜಮಾನರದ್ದು, ಮನೆತನದ ಮರ್ಯಾದೆ ಯಜಮಾನರದ್ದು. ಓಟಗಾರನದ್ದು ಕಾಲು ಮತ್ತು ಕೈ. ಗಂತಿನಲ್ಲಿ ಹಿಂದಿನಿಂದ "ಹಾಕಾ, ಹಾಕಾ" ಅಂತ ಕೂಗುವವರು ಹತ್ತು ಜನ, ವಿಡಿಯೋದಲ್ಲಿ ಮುಖ ಕಾಣುವುದು ಒಬ್ಬನದ್ದು. ಶಿಕ್ಷೆ ಆ ಮುಖಕ್ಕೆ ಮಾತ್ರ ಬಿದ್ದರೆ ಅದು ಶಿಸ್ತು ಹೇಗಾದೀತು ಮಾರ್ರೆ?

ಕುದುರೆ ರೇಸಿನವರು ಈ ಗಂಟನ್ನು ಬಿಡಿಸಲು ತುಂಬಾ ವರ್ಷ ತಲೆ ಕೆಡಿಸಿಕೊಂಡಿದ್ದಾರೆ. (ಅಲ್ಲಿನ ಬೆಟ್ಟಿಂಗ್ ಬೇಡ, ಅದು ನಮಗೆ ಬರುವುದೂ ಬೇಡ.) ಬ್ರಿಟನ್ನಿನಲ್ಲಿ 2023ರಿಂದ ಫ್ಲಾಟ್ ರೇಸಿನಲ್ಲಿ ಜಾಕಿ ಚಾಟಿ ಬಳಸಬಹುದಾದದ್ದು 6 ಸಲ, ಜಂಪ್ ರೇಸಿನಲ್ಲಿ 7 ಸಲ. ಮಿತಿ ದಾಟಿದರೆ ಜಾಕಿಗೆ ಸಸ್ಪೆನ್ಷನ್. ಮಿತಿಗಿಂತ 4 ಅಥವಾ ಹೆಚ್ಚು ಆದರೆ ಕುದುರೆಯೇ ಅನರ್ಹ. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಕುದುರೆ ಅನರ್ಹ ಆಯಿತೆಂದರೆ ಬಹುಮಾನ ಹೋಗುವುದು ಮಾಲೀಕನದ್ದು. ಆಗ ಹಿಂದಿನಿಂದ ಕೂಗುವವರ ಸ್ವರ ತಾನೇ ಇಳಿಯುತ್ತದೆ.

ವಿಚಾರಣೆಯ ವಿಷಯದಲ್ಲೂ ಅಲ್ಲಿ ನೋಡುವುದಕ್ಕಿದೆ, ಒಳ್ಳೆಯದೂ ಕೆಟ್ಟದ್ದೂ. ಕೀರನ್ ಫಾಲನ್ ಎಂಬ ದೊಡ್ಡ ಜಾಕಿಯನ್ನು ರೇಸ್ ಫಿಕ್ಸಿಂಗ್ ಆರೋಪದ ಮೇಲೆ 2006ರ ಜುಲೈಯಲ್ಲಿ ಬ್ರಿಟನ್ನಿನಲ್ಲಿ ಓಡಿಸದಂತೆ ತಡೆದರು. 2007ರ ಡಿಸೆಂಬರಿನಲ್ಲಿ ಕೋರ್ಟಿನಲ್ಲಿ ಕೇಸು ಬಿದ್ದುಹೋಯಿತು. ಸುಮಾರು 17 ತಿಂಗಳು ಆ ದೇಶದಲ್ಲಿ ಅವರ ಕೆಲಸ ಹೋದದ್ದು ಹೋದದ್ದೇ. (ಬೇರೆ ತಪ್ಪಿಗೆ ಅವರಿಗೆ ಶಿಕ್ಷೆಯಾದದ್ದು ಬೇರೆ ಕಥೆ.) ಅದೇ ಸಹ ಜಾಕಿ ಬ್ರಯನಿ ಫ್ರಾಸ್ಟ್ ಅವರಿಗೆ ಕಿರುಕುಳ ಕೊಟ್ಟ ರಾಬಿ ಡನ್ ಪ್ರಕರಣದಲ್ಲಿ ಸ್ವತಂತ್ರ ಸಮಿತಿ ಇಬ್ಬರ ಮಾತನ್ನೂ ಕೇಳಿ 2021ರ ಡಿಸೆಂಬರಿನಲ್ಲಿ 18 ತಿಂಗಳ ನಿಷೇಧ ಹಾಕಿತು. ಮೇಲ್ಮನವಿಯಲ್ಲಿ ಅದು 10 ತಿಂಗಳಿಗೆ ಇಳಿಯಿತು. ತಪ್ಪು ತಪ್ಪೇ ಅಂತ ಉಳಿಯಿತು, ಅಳತೆ ಬದಲಾಯಿತು. ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲೂ ಸ್ಟೀವರ್ಡುಗಳು ರೇಸಿನ ವಿಡಿಯೋ ಹಾಕಿ ಜಾಕಿಯನ್ನು ಎದುರು ಕೂರಿಸಿ ಕೇಳುತ್ತಾರೆ. ಅದರ ಮೇಲೆ ಅಪೀಲಿಗೂ ದಾರಿ ಇದೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ದಕ್ಷಿಣದ ಕಡೆ ಜಿಲ್ಲಾ ಕಂಬಳ ಸಮಿತಿ ಇದೆ, ಹೊಸ ಹುಡುಗರಿಗೆ ತರಬೇತಿ ಕೊಡುವ ಕಂಬಳ ಅಕಾಡೆಮಿ ಇದೆ. ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಹಾಕಿ ಸೆಕೆಂಡಿನ ನೂರನೇ ಭಾಗದವರೆಗೆ ಯಾರು ಮುಂದೆ ಅಂತ ಹೇಳುತ್ತಾರೆ. ಸಾಫ್ಟ್‌ವೇರ್ ಕೆಲಸದವನಾಗಿ ನನಗೆ ಇದು ಬಹಳ ಇಷ್ಟ. ಆದರೆ ಅದೇ ಕ್ಯಾಮೆರಾ ಗಂತಿನ ಕಡೆಯೂ ತಿರುಗಲಿ ಅನಿಸುತ್ತದೆ. ಗೆದ್ದವರು ಯಾರು ಅನ್ನುವುದಕ್ಕೆ ಅಷ್ಟು ಪಕ್ಕಾ ದಾಖಲೆ ಇಡಲು ಬರುವವರಿಗೆ, ಎಷ್ಟು ಪೆಟ್ಟು ಬಿತ್ತು ಅನ್ನುವುದಕ್ಕೂ ದಾಖಲೆ ಇಡಲು ಬಂದೀತು. ಫಾರ್ವರ್ಡ್ ಆದ ಹತ್ತು ಸೆಕೆಂಡಿನ ತುಣುಕಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಅದನ್ನು ನಂಬಿ ಒಬ್ಬನ ಸೀಸನ್ ಕಿತ್ತುಕೊಳ್ಳುವುದು ಎಷ್ಟು ತಪ್ಪೋ, ಪೂರ್ತಿ ವಿಡಿಯೋ ಕೈಯಲ್ಲಿದ್ದೂ ಊರಿನವರೇ ಅಂತ ಬಿಟ್ಟುಬಿಡುವುದೂ ಅಷ್ಟೇ ತಪ್ಪು.

ನಮ್ಮ ಕುಂದಾಪುರ, ಬೈಂದೂರು ಕಡೆಯ ಸಾಂಪ್ರದಾಯಿಕ ಕಂಬಳದಲ್ಲಿ ಇದು ಇನ್ನೂ ಸೂಕ್ಷ್ಮ. ಇಲ್ಲಿ ಗದ್ದೆ ಮನೆತನದ್ದು, ದೈವದ್ದು. ಪಾಯಿಂಟು, ಟ್ರೋಫಿಗಿಂತ ಹರಕೆ ದೊಡ್ಡದು. ಇಂಥ ಕಡೆ ಇಂಗ್ಲೆಂಡಿನ ರೂಲ್‌ಬುಕ್ ತಂದಿಟ್ಟರೆ ಜನ ನಗುತ್ತಾರೆ, ನಗಲಿ. ಒಂದು ಹಾಳೆ ಸಾಕು: ಎಷ್ಟು ಪೆಟ್ಟಿಗೆ ಮೈಕಿನಲ್ಲಿ ಎಚ್ಚರಿಕೆ, ಎಷ್ಟಕ್ಕೆ ಜೋಡಿ ಹೊರಗೆ, ಓಟಗಾರನ ಮಾತು ಕೇಳುವವರು ಯಾರು, ತೀರ್ಮಾನ ಒಪ್ಪಿಗೆಯಾಗದಿದ್ದರೆ ಎಲ್ಲಿಗೆ ಹೋಗಬೇಕು. ಕೋಣಗಳ ಹೆಸರು ಬರೆಸುವಾಗಲೇ ಯಜಮಾನರೂ ಓಟಗಾರರೂ ಅದರ ಕೆಳಗೆ ಸಹಿ ಹಾಕಲಿ. ಯಜಮಾನರದ್ದು ಮೊದಲು.